ಅಕ್ಷಯನೀವಿಯೂ ಚೀನದೇಶದ ಅಕ್ಷಯಕೋಶವೂ

ಬೌದ್ಧಮತವು ಅರ್ಥವೆಂಬ ಪುರುಷಾರ್ಥದ ವಿಷಯದಲ್ಲಿ ಉದಾಸೀನವಾದುದೆಂದು ನಮ್ಮ ವಿದ್ವಾಂಸರಲ್ಲಿ ಬಹುಮಂದಿ ಭಾವಿಸಿರುತ್ತಾರೆ. ಈ ಭಾವನೆಯು ನಿರಾಧಾರವಾದುದಲ್ಲ. ಭಿಕ್ಷುವು ಸುವರ್ಣರಜತಗಳನ್ನು ಸ್ವೀಕರಿಸಲಾಗದು, ಅವುಗಳಿಂದ ವ್ಯವಹಾರ ಮಾಡಲಾಗದು ಎಂಬ ನಿಯಮಗಳು ಪಾತಿಮೊಕ್ಖದಲ್ಲಿ ಸ್ಪಷ್ಟವಾಗಿಯೇ ಇವೆ. ಹೀಗಿದ್ದರೂ ಬೌದ್ಧಧರ್ಮವು ಚೀನದೇಶವನ್ನು ಹೊಕ್ಕಾಗ ಅಲ್ಲಿಯ ಜನರ ಧನವ್ಯವಹಾರದಲ್ಲಿ ಆಳವಾದ ಗುರುತನ್ನು ಉಳಿಸಿದುದು ಅಪರಿಗ್ರಹೋಪದೇಶವಲ್ಲ. ಮೂಲಧನವನ್ನು ಮುಟ್ಟದೆ ಅದರ ಫಲವನ್ನು ಮಾತ್ರ ಧರ್ಮಕ್ಕೆ ವಿನಿಯೋಗಿಸುವ ಒಂದು ಲೌಕಿಕ ವ್ಯವಸ್ಥೆ. ಆ ವ್ಯವಸ್ಥೆಯ ಹೆಸರು ಅಕ್ಷಯನೀವಿ. ಅದು ಹುಟ್ಟಿದುದು ನಮ್ಮ ದೇಶದಲ್ಲಿ. ಅದರಲ್ಲಿ ಅಡಗಿದ್ದ ಗುಣವೂ ದೋಷವೂ ಪೂರ್ಣವಾಗಿ ಪ್ರಕಟವಾದುದು ಚೀನದಲ್ಲಿ. ಚೀನೀಗ್ರಂಥಗಳನ್ನು ನಾನು ಭಾಷಾಂತರಗಳ ಮೂಲಕ ಓದಿದವನು. ಸಂಸ್ಕೃತಪ್ರಾಕೃತಗಳ ಕಡೆಯಿಂದ ಈ ವಿಷಯವನ್ನು ನೋಡಿದರೆ ಏನು ತೋರುವುದೆಂಬುದನ್ನು ವಾಚಕರ ಮುಂದಿಡುವುದಷ್ಟೇ ಇಲ್ಲಿಯ ಉದ್ದೇಶ.

ನೀವಿಯೆಂದೊಡನೆ ಕಾವ್ಯಾಭ್ಯಾಸಿಗಳಿಗೆ ಸ್ತ್ರೀಯರ ಉಡುಗೆಯ ಗಂಟು ನೆನಪಾಗುವುದು ಸಹಜ. ಆದರೆ ಅಮರಸಿಂಹನು ವೈಶ್ಯವರ್ಗದಲ್ಲಿ ಈ ಶಬ್ದವನ್ನು ಮೂಲಧನದ ಪರ್ಯಾಯಗಳಲ್ಲಿ ಎಣಿಸಿದ್ದಾನೆ. ಹಣವನ್ನು ಸೆರಗಿನಲ್ಲಿಯೋ ಸೊಂಟದಲ್ಲಿಯೋ ಗಂಟುಕಟ್ಟಿಕೊಳ್ಳುವ ರೂಢಿಯು ನಮ್ಮಲ್ಲಿ ಇನ್ನೂ ಅಳಿದಿಲ್ಲವಾದುದರಿಂದ ಈ ಎರಡರ್ಥಗಳ ನಂಟನ್ನು ಊಹಿಸುವುದು ಕಷ್ಟವಲ್ಲ. ಅಕ್ಷಯನೀವಿಯೆಂದರೆ ಬಿಚ್ಚಕೂಡದ ಗಂಟು.

ಇದಕ್ಕೆ ಪ್ರಾಚೀನವೂ ಸ್ಪಷ್ಟವೂ ಆದ ನಿದರ್ಶನವು ನಾಸಿಕದ ಗುಹಾಶಾಸನದಲ್ಲಿದೆ. ಕ್ಷಹರಾತ ನಹಪಾನನ ಅಳಿಯನಾದ ಉಷವದಾತನು 42ನೆಯ ವರ್ಷದಲ್ಲಿ ಅಲ್ಲಿಯ ಭಿಕ್ಷುಸಂಘಕ್ಕೆ 3,000 ಕಾರ್ಷಾಪಣಗಳನ್ನು ಅಕ್ಷಯನೀವಿಯಾಗಿ ಕೊಟ್ಟನು. ಆ ಹಣವು ಭಿಕ್ಷುಗಳ ಕೈಗೆ ಹೋಗಲಿಲ್ಲ. 2,000 ಕಾರ್ಷಾಪಣಗಳು ಗೋವರ್ಧನದ ನೇಕಾರರ ಒಂದು ಶ್ರೇಣಿಯಲ್ಲಿ ತಿಂಗಳಿಗೆ ನೂರಕ್ಕೆ ಒಂದರಂತೆ, ಉಳಿದ 1,000 ಮತ್ತೊಂದು ಶ್ರೇಣಿಯಲ್ಲಿ ನೂರಕ್ಕೆ ಮುಕ್ಕಾಲರಂತೆ ಇಡಲ್ಪಟ್ಟವು. ಮೂಲವನ್ನು ಹಿಂದಕ್ಕೆ ಕೊಡತಕ್ಕದ್ದಿಲ್ಲ. ವೃದ್ಧಿಯು ಮಾತ್ರ ಭೋಗ್ಯ. ಮೊದಲಿನ 2,000ದ ವೃದ್ಧಿಯಿಂದ ಗುಹೆಯಲ್ಲಿ ವರ್ಷಾವಾಸ ಮಾಡುವ 20 ಮಂದಿ ಭಿಕ್ಷುಗಳಿಗೆ ತಲಾ 12 ಕಾರ್ಷಾಪಣಗಳ ಚೀವರಧನ ಸಲ್ಲಬೇಕು. ಲೆಕ್ಕ ಹಾಕಿ ನೋಡಿದರೆ ತಿಂಗಳಿಗೆ 20ರಂತೆ ವರ್ಷಕ್ಕೆ 240. ಇಪ್ಪತ್ತು ಹನ್ನೆರಡೂ ಅಷ್ಟೇ. ಒಂದು ಕಾಸೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಈ ಶಾಸನದ ಪ್ರಾಕೃತದಲ್ಲಿ ವೃದ್ಧಿಗೆ ‘ವಢಿ’ ಎಂಬ ರೂಪವಿದೆ. ನಮ್ಮ ‘ಬಡ್ಡಿ’ಯ ಪೂರ್ವಜನನ್ನು ಇಲ್ಲಿ ಗುರುತಿಸಬಹುದು.

ಈ ಪದ್ಧತಿಯು ಬೌದ್ಧರದೇ ಸ್ವತ್ತೆಂದು ಹೇಳಲಾಗದು. ಹುವಿಷ್ಕನ ಕಾಲದ, 28ನೆಯ ವರ್ಷದ ಮಥುರೆಯ ಶಾಸನದಲ್ಲಿ ಹಿಟ್ಟುಗಾರರ ಶ್ರೇಣಿಯಲ್ಲಿ ಇಡಲಾದ 550 ಪುರಾಣನಾಣ್ಯಗಳ ವೃದ್ಧಿಯಿಂದ ಬ್ರಾಹ್ಮಣಭೋಜನವೂ, ಅನಾಥರು ಹಸಿದವರು ಬಾಯಾರಿದವರು ಇವರಿಗೆ ದಿನದಿನದ ಅನ್ನಪಾನಗಳೂ ನಡೆಯಬೇಕೆಂದಿದೆ. ಗುಪ್ತಶಕ 131ರ (ಕ್ರಿ. ಶ. 450) ಸಾಂಚಿಯ ಶಾಸನದಲ್ಲಿ ಹರಿಸ್ವಾಮಿನಿಯೆಂಬ ಉಪಾಸಿಕೆಯು 12 ದೀನಾರಗಳನ್ನಿಟ್ಟು ಅವುಗಳ ವೃದ್ಧಿಯಿಂದ ದಿನಕ್ಕೊಬ್ಬ ಭಿಕ್ಷುವಿಗೆ ಊಟವಾಗುವಂತೆ ಏರ್ಪಡಿಸಿದ್ದಾಳೆ. ಕವಿರಾಜಮಾರ್ಗದ ಸಂಬಂಧದಿಂದ ನಮಗೆ ಆತ್ಮೀಯನಾದ ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯಲ್ಲಿಯೂ ಇದು ನಡೆಯುತ್ತಿದ್ದಿತು: ಅವನ ಸಾಮಂತನಾದ ಶಿಲಾಹಾರ ಕಪರ್ದಿಯ ಸೀಮೆಗೆ ಸೇರಿದ ಕಾನ್ಹೇರಿಯಲ್ಲಿ ಗೌಡದೇಶದ ಅವಿಘ್ನಾಕರನೆಂಬ ಉಪಾಸಕನು ಶಕ 775ರಲ್ಲಿ 100 ದ್ರಮ್ಮಗಳ ಅಕ್ಷಯನೀವಿಯನ್ನು ಸಂಘಕ್ಕೆ ಒಪ್ಪಿಸಿದನು. ನಂದಾದೀವಿಗೆಗೆ ಗದ್ಯಾಣಗಳನ್ನಿಟ್ಟು ಬಡ್ಡಿಯಿಂದ ಎಣ್ಣೆಯೆರೆಸುವ ದತ್ತಿಗಳನ್ನು ಕನ್ನಡ ಶಾಸನಗಳಲ್ಲಿ ಓದಿ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾದುದಿಲ್ಲ.

ಶಾಸನಗಳು ದಾತೃವಿನ ಮಾತು. ಸಂಘವು ಇದನ್ನು ಹೇಗೆ ಸಮರ್ಥಿಸಿಕೊಂಡಿತೆಂಬುದನ್ನು ತಿಳಿಯಲು ವಿನಯಗ್ರಂಥಗಳನ್ನು ನೋಡಬೇಕು. ಮೂಲಸರ್ವಾಸ್ತಿವಾದಿಗಳ ವಿನಯದಲ್ಲಿ ಒಂದು ಕಥೆಯುಂಟು. ವೈಶಾಲಿಯ ಲಿಚ್ಛವಿಗಳು ಬಹು ಅಂತಸ್ತುಗಳ ವಿಹಾರಗಳನ್ನು ಕಟ್ಟಿಸಿದರು; ಕಾಲಕ್ರಮದಲ್ಲಿ ಅವು ಜೀರ್ಣವಾದುವು. ಜೀರ್ಣೋದ್ಧಾರಕ್ಕೆಂದು ದಾನಿಗಳು ಅಕ್ಷಯನೀವಿಯನ್ನು ಕೊಟ್ಟರು. ಭಿಕ್ಷುಗಳು ನಿಯಮಕ್ಕೆ ಹೆದರಿ ಅದನ್ನು ಕೋಶದಲ್ಲಿಟ್ಟು ಬೀಗ ಹಾಕಿದರು. ವಿಹಾರಗಳು ಇನ್ನೂ ಬಿದ್ದುಹೋದುವು. ಆಗ ದಾನಿಗಳು ಬಂದು, ಹಣವು ನಮ್ಮ ಮನೆಯಲ್ಲಿದ್ದಿದ್ದರೂ ಹೀಗೆಯೇ ಇರುತ್ತಿದ್ದಿತಲ್ಲವೆ, ಅದನ್ನೇಕೆ ವೃದ್ಧಿಗೆ ಹಚ್ಚಲಿಲ್ಲವೆಂದು ಕೇಳಿದರು. ಬುದ್ಧನು ಸಂಘದ ನಿಮಿತ್ತವಾಗಿ ಹಣವನ್ನು ಬಡ್ಡಿಗೆ ಕೊಡಲು ಅನುಮತಿಯಿತ್ತನು. ಅನುಮತಿಯೊಡನೆ ವಿಧಿಗಳೂ ಬಂದುವು: ಸಾಲದ ಎರಡರಷ್ಟು ಬೆಲೆಯ ಆಧಿಯನ್ನು ಇರಿಸಿಕೊಳ್ಳಬೇಕು; ಸಾಕ್ಷಿಗಳ ಮುಂದೆ ಪತ್ರ ಬರೆಯಿಸಬೇಕು; ಅದರಲ್ಲಿ ವರ್ಷ ಮಾಸ ದಿನಗಳೂ ಸಂಘಸ್ಥವಿರನ ಹೆಸರೂ ಸಾಲಗಾರನ ಹೆಸರೂ ವೃದ್ಧಿಯ ಪ್ರಮಾಣವೂ ಇರಬೇಕು. ಧರ್ಮಶಾಸ್ತ್ರದ ಋಣಾದಾನಪ್ರಕರಣವನ್ನು ಓದಿದವರಿಗೆ ಇದೆಲ್ಲವೂ ಪರಿಚಿತವೇ. ಬೌದ್ಧಸಂಘವು ಇಲ್ಲಿ ಹೊಸ ಅರ್ಥಶಾಸ್ತ್ರವನ್ನು ರಚಿಸಲಿಲ್ಲ. ದೇಶದ ವ್ಯವಹಾರಶಾಸ್ತ್ರವನ್ನೇ ಕಾಷಾಯದೊಳಗೆ ತಂದುಕೊಂಡಿತು.

ಇಲ್ಲಿ ಒಂದು ಸ್ವಾನುಭವವನ್ನು ಹೇಳಿದರೆ ವಾಚಕರು ಕ್ಷಮಿಸಬೇಕು. ನಾನು ಬಾಲ್ಯದಲ್ಲಿ ಓದಿದ ಪಾಠಶಾಲೆಯ ರಾತ್ರಿಯ ದೀಪಕ್ಕೆ ಹಿಂದಿನ ತಲೆಮಾರಿನ ಗೃಹಸ್ಥರೊಬ್ಬರು ಇಟ್ಟಿದ್ದ ದತ್ತಿಯೊಂದಿದ್ದಿತು. ಮೂಲವನ್ನು ಯಾರೂ ಮುಟ್ಟಿರಲಿಲ್ಲ, ಲೆಕ್ಕದಲ್ಲಿಯೂ ದೋಷವಿರಲಿಲ್ಲ. ಆದರೆ ನಮ್ಮ ಕಾಲಕ್ಕೆ ವರ್ಷದ ಬಡ್ಡಿಯಿಂದ ಒಂದು ತಿಂಗಳ ಎಣ್ಣೆಯೂ ಬರುತ್ತಿರಲಿಲ್ಲ. ಬೀಗ ಹಾಕಿಟ್ಟ ಹಣವು ರಕ್ಷಿತವಾದಂತಲ್ಲ ಎಂಬ ವೈಶಾಲಿಯ ದಾನಿಗಳ ಆಕ್ಷೇಪಣೆಯನ್ನು ಓದಿದಾಗಲೆಲ್ಲ ಆ ದೀಪವು ನನ್ನ ಕಣ್ಣಮುಂದೆ ಬರುತ್ತದೆ.

ಈ ವಿನಯಗ್ರಂಥಗಳು ಒಂದಾದಮೇಲೊಂದು ಚೀನೀಭಾಷೆಗೆ ಇಳಿದುವು. ಸರ್ವಾಸ್ತಿವಾದವಿನಯವು ಕ್ರಿ. ಶ. 404ರಿಂದ ಕುಮಾರಜೀವಾದಿಗಳಿಂದಲೂ, ಫಾಹಿಯಾನನು ಪಾಟಲಿಪುತ್ರದಿಂದ ಒಯ್ದ ಮಹಾಸಾಂಘಿಕವಿನಯವು 416–418ರಲ್ಲಿ ಅವನಿಂದಲೂ ಬುದ್ಧಭದ್ರನಿಂದಲೂ ಭಾಷಾಂತರಿಸಲ್ಪಟ್ಟುವು. ಮೇಲಿನ ವೈಶಾಲಿಯ ಕಥೆಯನ್ನು ಎಂಟನೆಯ ಶತಮಾನದ ಆದಿಯಲ್ಲಿ ಚೀನೀಕರಿಸಿದವನು ಇತ್ಸಿಂಗನು. ಗೃಹಸ್ಥನ ಅರ್ಥನೀತಿಯೂ ಹಾಗೆಯೇ ಹೋಯಿತು. ಪಾಳಿಯ ಸಿಗಾಲೋವಾದಸುತ್ತದಲ್ಲಿ ಗಳಿಸಿದ ಧನವನ್ನು ನಾಲ್ಕು ಭಾಗಮಾಡಿ ಒಂದನ್ನು ಭೋಗಿಸುವುದು, ಎರಡನ್ನು ಉದ್ಯೋಗಕ್ಕೆ ತೊಡಗಿಸುವುದು, ನಾಲ್ಕನೆಯದನ್ನು ಆಪತ್ತಿಗೆ ಇಡುವುದು ಎಂದಿದೆ. ಸಂಘಕ್ಕೆಂದು ಒಂದು ಭಾಗವಿಲ್ಲದಿರುವುದು ಗಮನಾರ್ಹ. 413ರಲ್ಲಿ ಬುದ್ಧಯಶಸನು ಭಾಷಾಂತರಿಸಿದ ದೀರ್ಘಾಗಮದಲ್ಲಿಯಾದರೋ ಇದೇ ಉಪದೇಶವು ಆರು ಬಗೆಯಾಗಿ ಬೆಳೆದು, ಸ್ತೂಪಗಳನ್ನು ಎತ್ತಿಸುವುದೂ ಭಿಕ್ಷುಗಳಿಗೆ ವಸತಿಗಳನ್ನು ಕಟ್ಟಿಸುವುದೂ ಸೇರಿಕೊಂಡಿವೆ. ಇದನ್ನು ಚೀನೀಯರ ಪ್ರಕ್ಷೇಪವೆಂದು ಕೂಡಲೇ ತೀರ್ಮಾನಿಸಬಾರದು. ಬುದ್ಧಯಶಸನ ಮುಂದಿದ್ದ ಭಾರತೀಯ ಪಾಠದಲ್ಲಿಯೇ ಅದು ಇದ್ದಿರಬಹುದು. ಯಾರು ಸೇರಿಸಿದರೂ ಚೀನದ ಗೃಹಸ್ಥನು ಓದಿದುದು ಈ ಪಾಠವನ್ನು.

ನಾಸಿಕದಲ್ಲಿ ಸಾಲಗಾರನಾಗಿದ್ದುದು ನೇಕಾರರ ಶ್ರೇಣಿ: ಹಣವನ್ನು ನೂಲಿಗೆ ಹಾಕಿ ಬಟ್ಟೆಯಾಗಿಸಿ ಲಾಭ ಪಡೆಯಬಲ್ಲ, ದಾನಿಯ ಎದುರು ನಿಂತು ಮಾತನಾಡಬಲ್ಲ ಸಂಸ್ಥೆ. ಚೀನದಲ್ಲಿ ಅಕ್ಷಯಧನದ ಎದುರಿಗೆ ಬಂದು ನಿಂತವನು ಹೆಚ್ಚಾಗಿ ಬಿತ್ತನೆಯ ಕಾಳಿಲ್ಲದ ಒಕ್ಕಲಿಗ. ನನ್ನ ಎಣಿಕೆಯಲ್ಲಿ ಮುಂದಿನ ಇತಿಹಾಸದ ಬಹುಭಾಗವು ಈ ವ್ಯತ್ಯಾಸದಿಂದ ಹುಟ್ಟಿದುದು.

ಉತ್ತರ ವೇಯಿ ರಾಜ್ಯದಲ್ಲಿ ಸಂಘಾಧ್ಯಕ್ಷನಾಗಿದ್ದ ತಾನ್‌ಯಾವ್ ಎಂಬ ಭಿಕ್ಷುವು, ಯುನ್‌ಕಾಂಗ್ ಗುಹೆಗಳ ಆರಂಭದೊಡನೆ ಪ್ರಸಿದ್ಧನಾದವನು, ಐದನೆಯ ಶತಮಾನದ ಉತ್ತರಾರ್ಧದಲ್ಲಿ ಒಂದು ಏರ್ಪಾಡನ್ನು ಮಾಡಿದನು. ಕೆಲವು ಒಕ್ಕಲುಗಳು ವರ್ಷಕ್ಕೆ 60 ಹು ಅಳತೆಯ ಧಾನ್ಯವನ್ನು ಸಂಘಾಧಿಕಾರಿಗಳಿಗೆ ಅಳೆಯಬೇಕು, ಅವು ‘ಸಂಘದ ಒಕ್ಕಲು’ಗಳೆಂದೂ ಆ ಧಾನ್ಯವು ‘ಸಂಘಧಾನ್ಯ’ವೆಂದೂ ಕರೆಯಲ್ಪಡಬೇಕು, ಕ್ಷಾಮ ಬಂದಾಗ ಅದು ಹಸಿದವರಿಗೆ ಹೋಗಬೇಕು. ಉದ್ದೇಶವು ಉದಾತ್ತವಾದುದು. ನಡೆದುದೇನೆಂಬುದನ್ನು ವೇಯಿ ರಾಜವಂಶದ ಇತಿಹಾಸದ ಬೌದ್ಧಪ್ರಕರಣವು ದಾಖಲಿಸಿದೆ. 511ರ ರಾಜಾಜ್ಞೆಯು, ಧಾನ್ಯದ ಅಧಿಕಾರಿಗಳು ಅತಿವೃಷ್ಟಿ ಅನಾವೃಷ್ಟಿಗಳನ್ನು ಲೆಕ್ಕಿಸದೆ ಸಾಲವನ್ನು ಸುಲಿಯುತ್ತಾರೆ, ಬಡ್ಡಿಯು ಮೂಲವನ್ನು ಮೀರುತ್ತದೆ, ಪತ್ರಗಳನ್ನು ತಿದ್ದುತ್ತಾರೆ ಎಂದು ದೂರಿ, ಆಡಳಿತವನ್ನು ಪ್ರಾಂತಾಧಿಕಾರಿಗಳ ಮೇಲ್ವಿಚಾರಣೆಗೆ ಒಳಪಡಿಸಿತು. ಅದೇ ಪ್ರಕರಣದಲ್ಲಿರುವ ಒಂದು ವಿಜ್ಞಾಪನೆಯಂತೆ, ಲಿಯಾಂಗ್ ಪ್ರಾಂತದ 200 ಸಂಘದ ಒಕ್ಕಲುಗಳ ಪೈಕಿ ಪೀಡೆ ತಾಳಲಾರದೆ ನೇಣು ಹಾಕಿಕೊಂಡವರೂ ನೀರಿಗೆ ಬಿದ್ದವರೂ ಐವತ್ತಕ್ಕೆ ಮೇಲ್ಪಟ್ಟಿದ್ದರು.

ಅಕ್ಷಯನೀವಿಯ ತತ್ತ್ವದಲ್ಲಿಯೇ ಈ ಅಪಾಯವು ಅಡಗಿದೆ. ಸಾಮಾನ್ಯ ಸಾಹುಕಾರನು ದಯೆ ತೋರಿ ಮೂಲವನ್ನು ಬಿಟ್ಟುಕೊಟ್ಟರೆ ಅದು ಅವನ ಪುಣ್ಯ. ಸಂಘದ ಧನವಾದರೆ ಬಿಡಲು ಯಾವ ಭಿಕ್ಷುವಿಗೂ ಅಧಿಕಾರವಿಲ್ಲ. ಅದು ತ್ರಿರತ್ನದ ಸ್ವತ್ತು, ಅದನ್ನು ಕ್ಷಯಗೊಳಿಸುವುದು ಮಹಾಪಾಪ. ಸಾಲ ತೀರಿಸದೆ ಸತ್ತವನು ವಿಹಾರದ ಹೊಲದಲ್ಲಿ ಎತ್ತಾಗಿ ಹುಟ್ಟಿ ದುಡಿದು ತೀರಿಸಿದನೆಂಬ ಕಥೆಗಳು ಚೀನದಲ್ಲಿ ಹೇರಳವಾಗಿ ಹಬ್ಬಿದುದು ಇದರಿಂದಲೇ. ಋಣಿಯು ಧನಿಕನ ಮನೆಯಲ್ಲಿ ದಾಸನಾಗಿಯೋ ಪಶುವಾಗಿಯೋ ಜನಿಸುವನೆಂಬ ಮಾತು ನಮ್ಮ ಧರ್ಮಶಾಸ್ತ್ರಗಳಲ್ಲಿಯೂ ಉಂಟಷ್ಟೆ. ಅಲ್ಲಿ ಅದು ಸಾಲಗಾರನಿಗೆ ಎಚ್ಚರಿಕೆ. ಇಲ್ಲಿ ಅದು ವಸೂಲಿಯ ಸಾಧನವೂ ಆಯಿತು. ಪವಿತ್ರವಾದ ಧನವು ಲೌಕಿಕಧನಕ್ಕಿಂತ ಕಠಿನವಾದ ಧನಿಕನಾಗಬಲ್ಲುದು.

ಆದುದರಿಂದ ಆರನೆಯ ಶತಮಾನದ ಚೀನೀ ಬೌದ್ಧರಲ್ಲಿ ದಾನದ ಪಾತ್ರವಾರು ಎಂಬ ಪ್ರಶ್ನೆಯು ತೀಕ್ಷ್ಣವಾಗಿ ಎದ್ದಿತು. ಪುಣ್ಯಕ್ಷೇತ್ರವೆಂಬ ಶಬ್ದವನ್ನು ಅವರು ಅಕ್ಷರಶಃ ‘ಪುಣ್ಯದ ಹೊಲ’ವೆಂದು ಭಾಷಾಂತರಿಸಿದ್ದರು. ಅದರಲ್ಲಿ ಎರಡು ವಿಭಾಗ: ಬುದ್ಧಸಂಘಾದಿಗಳು ಗೌರವದ ಹೊಲ, ದರಿದ್ರರು, ರೋಗಿಗಳು, ಅನಾಥರು, ಪಶುಪಕ್ಷಿಗಳು ಕೂಡ ಕರುಣೆಯ ಹೊಲ. ಈ ವಿಭಾಗಕ್ಕೆ ಭಾರತೀಯ ಬೇರುಗಳಿವೆ. ವಸುಬಂಧುವು ಅಭಿಧರ್ಮಕೋಶದ ಕರ್ಮನಿರ್ದೇಶದಲ್ಲಿ ಗುಣದಿಂದ ಕ್ಷೇತ್ರವಾಗುವವರ ಜೊತೆಗೆ ದುಃಖದಿಂದ ಕ್ಷೇತ್ರವಾಗುವವರನ್ನೂ ಹೇಳಿದ್ದಾನೆ. 426ರಲ್ಲಿ ಧರ್ಮಕ್ಷೇಮನು ಭಾಷಾಂತರಿಸಿದ ಉಪಾಸಕಶೀಲಸೂತ್ರದಲ್ಲಿಯೂ ದರಿದ್ರಕ್ಷೇತ್ರವುಂಟು. ಆದರೆ ಅಲ್ಲಿ ಅದು ಹಲವುಗಳಲ್ಲಿ ಒಂದು. ಬುದ್ಧವಚನವೆಂಬ ಹೆಸರಿನಿಂದ ಚೀನದಲ್ಲಿಯೇ ರಚಿತವಾದ ಒಂದು ಸೂತ್ರವು, ಅದರ ಹೆಸರನ್ನು ‘ಪ್ರತಿರೂಪಕಧರ್ಮಕಾಲದ ಸಂಶಯನಿರ್ಣಯ’ವೆಂದು ಕನ್ನಡಿಸಬಹುದು, ಈ ಕ್ರಮವನ್ನೇ ತಿರುಗಿಸಿ ಕರುಣೆಯ ಹೊಲವೇ ಶ್ರೇಷ್ಠವೆಂದು ಸಾರಿತು. ಕೃತಕಸೂತ್ರವೆಂದು ಇದನ್ನು ತಳ್ಳಿಹಾಕುವ ಪಂಡಿತರೊಡನೆ ನನಗೆ ಸಹಮತವಿಲ್ಲ. ಮಥುರೆಯ ಶಾಸನದಲ್ಲಿ ಬ್ರಾಹ್ಮಣಭೋಜನದ ಹಿಂದೆ ನಿಂತಿದ್ದ ಹಸಿದವನನ್ನು ಮುಂದಕ್ಕೆ ಕರೆದುದು ಈ ಕೃತಕಗ್ರಂಥ.

ಆ ಸೂತ್ರವನ್ನು ಕಾರ್ಯರೂಪಕ್ಕೆ ತಂದವರು ತ್ರಿಕಾಲಸಂಪ್ರದಾಯದವರು. ಇವರ ಮೂಲಪುರುಷನಾದ ಶಿನ್‌ಶಿಂಗ್ (540–594) ಎಂಬುವನು, ಧರ್ಮವು ಮೂರನೆಯದಾದ ಹೀನಕಾಲವನ್ನು ಮುಟ್ಟಿದೆ, ಈಗಿನ ಜನರಿಗೆ ಆರ್ಯನಾರು ಪಾಪಿಯಾರು ಎಂದು ವಿವೇಚಿಸುವ ದೃಷ್ಟಿಯೇ ಇಲ್ಲ, ಆದಕಾರಣ ಎಲ್ಲರಲ್ಲಿಯೂ ಬುದ್ಧನನ್ನು ಕಂಡು ಎಲ್ಲರಿಗೂ ಮಣಿಯುವುದೊಂದೇ ದಾರಿ ಎಂದು ಬೋಧಿಸಿದನು. ಪಾತ್ರಾಪಾತ್ರವಿವೇಕವನ್ನೇ ದಾನಧರ್ಮದ ಜೀವವೆಂದು ಕಲಿತ ನಮ್ಮಂಥವರಿಗೆ ಇದು ವಿಚಿತ್ರವಾಗಿ ತೋರುವುದು. 589ರಲ್ಲಿ ಅವನು ರಾಜಧಾನಿಯಾದ ಛಾಂಗಾನಿಗೆ ಬಂದು ಒಂದು ವಿಹಾರದಲ್ಲಿ ನೆಲಸಿದನು. 619ರಿಂದ ಅದಕ್ಕೆ ಹ್ವಾದು ವಿಹಾರವೆಂದು ಹೆಸರಾಯಿತು. ಅವನ ಪಂಥದ ಶಿನ್‌ಯಿ ಎಂಬ ಭಿಕ್ಷುವು ಅದೇ ಕಾಲದಲ್ಲಿ ಅಲ್ಲಿ ಅಕ್ಷಯಕೋಶವನ್ನು ಸ್ಥಾಪಿಸಿದನು. ಚೀನೀಭಾಷೆಯಲ್ಲಿ ಅದು ‘ವೂಚಿನ್‌ತ್ಸಾಂಗ್’: ‘ವೂಚಿನ್’ ಎಂದರೆ ಕ್ಷಯವಿಲ್ಲದುದು, ‘ತ್ಸಾಂಗ್’ ಎಂದರೆ ಕೋಶ. ವಿನಯದ ಅಕ್ಷಯನೀವಿಯೂ ಅವತಂಸಕಸೂತ್ರವು ವರ್ಣಿಸುವ ಬೋಧಿಸತ್ತ್ವರ ಹತ್ತು ಅಕ್ಷಯಕೋಶಗಳೂ ಈ ಒಂದು ಶಬ್ದದಲ್ಲಿ ಬೆರೆತುಹೋದುವು. ವಿಹಾರದ ಮೂಲಧನಕ್ಕೂ ಬೋಧಿಸತ್ತ್ವನ ಕರುಣೆಗೂ ಒಂದೇ ಹೆಸರು ಬಿದ್ದುದು ಬರಿಯ ಶಬ್ದಚಮತ್ಕಾರವಲ್ಲ. ದಾನಿಯು ಬಿಡಿಯಾಗಿ ಕೊಟ್ಟರೆ ಫಲವು ಅವನ ಕೊಡುಗೆಯಷ್ಟೇ. ಕೋಶದಲ್ಲಿ ಬೆರೆಸಿದರೆ ಎಲ್ಲರ ದಾನದಲ್ಲಿಯೂ ಪಾಲು. ಆದುದರಿಂದ ದಿನಕ್ಕೊಂದು ಫೆನ್ ಹಣವನ್ನೋ ಒಂದು ಹಿಡಿಯಷ್ಟು ಧಾನ್ಯವನ್ನೋ ಹಾಕಿದರೂ ಸಾಕು. ದಾನವು ಹದಿನಾರು ಬಗೆ. ದೀಪ, ಗಂಟೆ, ಧೂಪ, ಇದ್ದಲು, ಸ್ನಾನದ ನೀರು ಮೊದಲಾದುವುಗಳೂ ಅದರಲ್ಲಿವೆ.

ಈ ಕೋಶದ ವೈಭವವನ್ನು ಎಂಟನೆಯ ಶತಮಾನದ ವೇಯಿ ಶು ಎಂಬ ಗ್ರಂಥಕಾರನು ಎರಡು ರಾಜಧಾನಿಗಳನ್ನು ಕುರಿತ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. 627ರ ಅನಂತರ ಅಲ್ಲಿ ಸೇರಿದ ಹಣ, ರೇಷ್ಮೆ, ಬಂಗಾರಗಳಿಗೆ ಎಣಿಕೆಯಿರಲಿಲ್ಲ. ಗಾಡಿಗಳಲ್ಲಿ ತಂದು ಸುರಿದು ಹೆಸರನ್ನೂ ಹೇಳದೆ ಹೋಗುವವರಿದ್ದರು. ಬಂದುದನ್ನು ಮೂರು ಪಾಲು ಮಾಡಿ ಒಂದನ್ನು ದೇಶದ ವಿಹಾರಗಳ ಜೀರ್ಣೋದ್ಧಾರಕ್ಕೂ, ಒಂದನ್ನು ಹಸಿದವರಿಗೂ, ಒಂದನ್ನು ತಡೆಯಿಲ್ಲದ ಸಂಘಪೂಜೆಗೂ ಉಪಯೋಗಿಸುತ್ತಿದ್ದರು. ಯೆನ್, ಲಿಯಾಂಗ್, ಶು, ಚಾವ್ ಎಂಬ ದೂರದ ಸೀಮೆಗಳಿಂದಲೂ ಕೇಳುವವರು ಬರುತ್ತಿದ್ದರು. ಸಾಲ ಕೊಡುವಾಗ ಪತ್ರವನ್ನು ಬರೆಸಿಕೊಳ್ಳುತ್ತಿರಲಿಲ್ಲ, ಅವಧಿಗೆ ತಂದುಕೊಟ್ಟರಾಯಿತು.

ಪತ್ರವಿಲ್ಲದ ಸಾಲವೆಂಬ ಈ ಒಂದು ಸಂಗತಿಯ ಮುಂದೆ ಸ್ವಲ್ಪ ನಿಲ್ಲಬೇಕು. ಎರಡರಷ್ಟು ಆಧಿ, ಸಾಕ್ಷಿ, ತಿಥಿವಾರಸಹಿತವಾದ ಪತ್ರ ಎಂದು ವಿನಯವು ಕಟ್ಟಿದ ಬೇಲಿಯನ್ನೆಲ್ಲ ಇವರು ಕಿತ್ತುಹಾಕಿದರು. ಅಜ್ಞಾನದಿಂದಲ್ಲ, ಎಲ್ಲರನ್ನೂ ಬುದ್ಧರೆಂದು ಮಣಿದವನು ಅವರಿಂದ ಮುಚ್ಚಳಿಕೆ ಬರೆಸಿಕೊಳ್ಳುವುದು ಹೇಗೆ? ಪತ್ರಗಳನ್ನು ತಿದ್ದಿ ಬಡವರನ್ನು ನೇಣಿಗೆ ನೂಕಿದ ಹಿಂದಿನ ಶತಮಾನದ ಸಂಘಧಾನ್ಯಕ್ಕೆ ಇದು ಉತ್ತರವಾಗಿ ಕಾಣುತ್ತದೆ.

ನಂಬಿಕೆಗೆ ದ್ರೋಹವೂ ಆಯಿತು. 627–649ರ ನಡುವೆ ಪೈ ಶ್ವಾನ್‌ಚಿ ಎಂಬುವನೊಬ್ಬನು ವಿಹಾರಕ್ಕೆ ಬಂದು ಹತ್ತು ವರ್ಷಕ್ಕೂ ಮೇಲೆ ಅಂಗಳ ಗುಡಿಸಿಕೊಂಡಿದ್ದನು. ಅವನ ನಡತೆಯಲ್ಲಿ ಕಲೆ ಕಾಣದೆ ಭಿಕ್ಷುಗಳು ಅವನನ್ನು ಕೋಶದ ಕಾವಲಿಗೆ ನಿಯಮಿಸಿದರು. ಅವನು ಬಂಗಾರವನ್ನು ಬೇಕಾದಷ್ಟು ಸಾಗಿಸಿ ಒಂದು ದಿನ ಮಾಯವಾದನು. ಎಷ್ಟು ಹೋಯಿತೆಂಬುದು ಕೂಡ ಭಿಕ್ಷುಗಳಿಗೆ ತಿಳಿಯಲಿಲ್ಲ. ಮಲಗುತ್ತಿದ್ದ ಕೋಣೆಯಲ್ಲಿ ಅವನು ಅವರನ್ನು ಹಾಸ್ಯಮಾಡುವ ಒಂದು ಪದ್ಯವನ್ನು ಬಿಟ್ಟುಹೋಗಿದ್ದನಂತೆ. ಕಳ್ಳನಿಗೂ ಕವಿತ್ವವಿದ್ದ ಕಾಲ!

ಕೋಶವನ್ನು ಮುಗಿಸಿದವನು ಕಳ್ಳನಲ್ಲ. ಸಮ್ರಾಜ್ಞಿ ವೂ ಅದನ್ನು ಲೋಯಾಂಗಿನ ಒಂದು ವಿಹಾರಕ್ಕೆ ವರ್ಗಾಯಿಸಿ ನೋಡಿದಳು. ಅಲ್ಲಿ ದಾನವು ಹಿಂದಿನಂತೆ ಬಾರದ್ದರಿಂದ ಮತ್ತೆ ಛಾಂಗಾನಿಗೇ ಕಳುಹಬೇಕಾಯಿತು. ಆಜ್ಞೆಯಿಂದ ಕೋಶವನ್ನು ಸಾಗಿಸಬಹುದು, ಶ್ರದ್ಧೆಯನ್ನು ಸಾಗಿಸಲಾಗದು. ಬಳಿಕ ಶ್ವಾನ್‌ತ್ಸುಂಗ್ ಚಕ್ರವರ್ತಿಯು 713 ಮತ್ತು 721ರ ಆಜ್ಞೆಗಳಿಂದ ಅದನ್ನು ಮುಚ್ಚಿಸಿ, ಸ್ವತ್ತನ್ನು ರಾಜಧಾನಿಯ ಇತರ ವಿಹಾರಗಳ ದುರಸ್ತಿಗೆ ಹಂಚಿಸಿದನು. ವರ್ಷದ ಮೊದಲ ತಿಂಗಳ ನಾಲ್ಕನೆಯ ದಿನ ಸ್ತ್ರೀಪುರುಷರು ಧರ್ಮರಕ್ಷಣೆಯ ಹೆಸರಿನಲ್ಲಿ ಹಣ ಸುರಿಯುತ್ತಾರೆ, ಬಡವರ ಸಹಾಯವೆಂಬುದು ಮೋಸಕ್ಕೆ ಮುಸುಕು ಎಂದು ಆಜ್ಞೆಯ ಆಕ್ಷೇಪಣೆ. ಮೋಸವು ಸ್ವಲ್ಪ ಇದ್ದಿರಬಹುದು. ಆದರೆ ರಾಜನ ಲೆಕ್ಕಕ್ಕೆ ಸಿಗದೆ ದೇಶದ ನಾಲ್ಕು ಮೂಲೆಗಳಿಂದ ಬಂದು ನಾಲ್ಕು ಮೂಲೆಗಳಿಗೆ ಹೋಗುವ ಧನವನ್ನು ಯಾವ ರಾಜನು ಬಹುಕಾಲ ಸಹಿಸಿಯಾನು?

ಸಾಧಾರಣ ವಿಹಾರಗಳ ವ್ಯವಹಾರವು ಇದರಿಂದ ನಿಲ್ಲಲಿಲ್ಲ. ಒತ್ತೆಯ ಅಂಗಡಿಯು ಚೀನದಲ್ಲಿ ಮೊದಲು ಕಾಣಿಸುವುದು ವಿಹಾರದ ಕೋಶದಲ್ಲಿ. ಚೆನ್ ಬಿನ್ ಎಂಬ ಬಡವನು ಚಿಂಗ್ ಪ್ರಾಂತದ ಛಾಂಗ್‌ಷಾ ವಿಹಾರದಲ್ಲಿ ನಾರಿನ ಕಂತೆಯನ್ನು ಒತ್ತೆಯಿಟ್ಟು, ಬಿಡಿಸಿಕೊಂಡಾಗ ಅದರಲ್ಲಿ ಐದು ಲಿಯಾಂಗ್ ಬಂಗಾರವಿರುವುದನ್ನು ಕಂಡು ಹಿಂದಕ್ಕೊಯ್ದು ಕೊಟ್ಟನೆಂದೂ, ಲಿಯಾಂಗ್ ವಂಶದ ವೂ ಚಕ್ರವರ್ತಿಯು ಇದನ್ನು ಕೇಳಿ ಮೆಚ್ಚಿದ್ದನೆಂದೂ ದಕ್ಷಿಣರಾಜ್ಯಗಳ ಇತಿಹಾಸದಲ್ಲಿದೆ. ಹಾರ್ವರ್ಡಿನ ಚೀನೀ ವಿದ್ವಾಂಸ ಯಾಂಗ್ ಲಿಯೆನ್‌ಶೆಂಗನು 1950ರಲ್ಲಿ ಒತ್ತೆಯಂಗಡಿ, ಚೀಟಿಯ ಕೂಟ, ಹರಾಜು, ಲಾಟರಿ ಈ ನಾಲ್ಕಕ್ಕೂ ಬೌದ್ಧವಿಹಾರಗಳೊಡನೆ ಇರುವ ಸಂಬಂಧವನ್ನು ನಿರೂಪಿಸಿದನು. ಫ್ರಾನ್ಸಿನ ಝಾಕ್ ಜೆರ್ನೆ 1956ರಲ್ಲಿ ವಿಹಾರಗಳ ಆರ್ಥಿಕಜೀವನವನ್ನು ಸಮಗ್ರವಾಗಿ ವಿಮರ್ಶಿಸಿದನು. ತುನ್‌ಹುವಾಂಗಿನ ಹಸ್ತಪ್ರತಿಗಳಲ್ಲಿ ದೊರೆತ ಹತ್ತನೆಯ ಶತಮಾನದ ಲೆಕ್ಕಗಳಲ್ಲಿ, ವಸಂತದಲ್ಲಿ ಕೊಟ್ಟ ಧಾನ್ಯಕ್ಕೆ ಸುಗ್ಗಿಯಲ್ಲಿ ಅರ್ಧದಷ್ಟು ಬಡ್ಡಿ ಸಾಮಾನ್ಯವಾಗಿದ್ದಿತು. ನಾಸಿಕದ ನೇಕಾರರು ಇಡೀ ವರ್ಷಕ್ಕೆ ಕೊಡುತ್ತಿದ್ದುದು ನೂರಕ್ಕೆ ಹನ್ನೆರಡು ಅಥವಾ ಒಂಬತ್ತು.

845ರಲ್ಲಿ ಥಾಂಗ್ ವಂಶದ ವೂತ್ಸುಂಗನು 4,600 ವಿಹಾರಗಳನ್ನು ಕೆಡವಿಸಿ 260,500 ಭಿಕ್ಷುಭಿಕ್ಷುಣಿಯರನ್ನು ಗೃಹಸ್ಥರಾಗಿಸಿದನೆಂದು ಅವನ ಆಜ್ಞೆಯೇ ಹೇಳಿಕೊಳ್ಳುತ್ತದೆ. ಆಗ ಒಂದು ತೊಡಕು ಎದುರಾಯಿತು. ‘ಕರುಣೆಯ ಹೊಲ’ವೆಂಬ ಹೆಸರಿನ ರೋಗಿಶಾಲೆಗಳನ್ನು ನಡೆಸುತ್ತಿದ್ದವರು ಭಿಕ್ಷುಗಳು, ಅವರು ಹೋದಮೇಲೆ ಬಡರೋಗಿಗಳ ಗತಿಯೇನು? ಮಂತ್ರಿಯಾದ ಲಿ ತೆಯು, ಬೌದ್ಧರ ಬಗೆಗೆ ಸ್ವಲ್ಪವೂ ಒಲವಿಲ್ಲದವನು, ಅವುಗಳನ್ನು ಮುಚ್ಚಬಾರದೆಂದೂ ಊರಿನ ಹಿರಿಯ ಗೃಹಸ್ಥರಿಗೆ ವಹಿಸಿ ವಿಹಾರಗಳಿಂದ ಕಸಿದ ಹೊಲಗಳಲ್ಲಿ ಕೆಲವನ್ನು ಅವುಗಳಿಗೆ ಉಂಬಳಿ ಬಿಡಬೇಕೆಂದೂ ವಿಜ್ಞಾಪಿಸಿಕೊಂಡನು. ಬೌದ್ಧನಾಮವನ್ನು ತೆಗೆದು ರೋಗಿಪೋಷಣೆಯ ಮನೆಗಳೆಂದು ಕರೆದು ಅವುಗಳನ್ನು ಉಳಿಸಿದರು.

ಎರಡು ಶತಮಾನಗಳ ತರುವಾಯ, 1050ರ ಸುಮಾರಿನಲ್ಲಿ, ಕನ್‌ಫೂಷಿಯಸ್ ಮತದ ಅಗ್ರಗಣ್ಯನಾದ ಫಾನ್ ಚುಂಗ್‌ಯೆನ್ ಸೂಚೌ ನಗರದಲ್ಲಿ ತನ್ನ ಕುಲದ ಬಡವರಿಗಾಗಿ ಮಾರಕೂಡದ ಹೊಲಗಳ ದತ್ತಿಯನ್ನು ಬಿಟ್ಟನು. ಇದರ ಮಾದರಿ ವಿಹಾರಗಳ ಶಾಶ್ವತಸ್ವತ್ತೆಂದು ಡೆನಿಸ್ ಟ್ವಿಚೆಟ್ ಎಂಬ ಇತಿಹಾಸಕಾರನ ವಾದ. ನನಗೂ ಅದು ಯುಕ್ತವೆಂದು ತೋರುತ್ತದೆ. ಆದರೆ ಚು ಶಿಯು 1168ರ ಕ್ಷಾಮದ ಸಮಯದಲ್ಲಿ 600 ಷಿ ಧಾನ್ಯದಿಂದ ಆರಂಭಿಸಿದ ಗ್ರಾಮಕಣಜವನ್ನೂ ಸಂಘಧಾನ್ಯದ ಸಂತಾನವೆನ್ನುವುದಕ್ಕೆ ನಾನು ಒಪ್ಪಲಾರೆ. ಸ್ವಿ ವಂಶದ 585ರ ಧರ್ಮಕಣಜಗಳಂಥ ದೇಶೀಯ ಪೂರ್ವಜರು ಅದಕ್ಕಿದ್ದಾರೆ, ಹೋಲಿಕೆಯೊಂದೇ ವಂಶಾವಳಿಯಾಗದು. ಹಾಗಿದ್ದರೂ ಅಲ್ಲಿ ನಡೆದುದೊಂದನ್ನು ಹೇಳದಿರಲಾರೆ. ಮೊದಲು ನೂರಕ್ಕೆ ಇಪ್ಪತ್ತರಂತೆ ಬಡ್ಡಿ ತೆಗೆದುಕೊಂಡು, ಹದಿನಾಲ್ಕು ವರ್ಷಗಳಲ್ಲಿ ಸರ್ಕಾರದ 600 ಷಿಯನ್ನು ಹಿಂದಿರುಗಿಸಿ 3,100 ಷಿ ಕೂಡಿದಮೇಲೆ ಚು ಶಿಯು ಬಡ್ಡಿಯನ್ನೇ ಬಿಟ್ಟುಬಿಟ್ಟನು; ಇಲಿ ಹೆಗ್ಗಣಗಳ ನಷ್ಟಕ್ಕೆಂದು ಷಿಗೆ ಮೂರು ಷೆಂಗ್ ಮಾತ್ರ, ಎಂದರೆ ನೂರಕ್ಕೆ ಮೂರರಂತೆ, ಉಳಿಸಿಕೊಂಡನು. ಬುದ್ಧಮತವನ್ನು ಆಮರಣ ಖಂಡಿಸಿದ ಈ ವಿದ್ವಾಂಸನ ಕಣಜದಲ್ಲಿ ಮೂಲವೂ ಕ್ಷಯಿಸಲಿಲ್ಲ, ಸಾಲಗಾರನೂ ಕ್ಷಯಿಸಲಿಲ್ಲ.

ಶಬ್ದದ ಕಥೆಯು ಸಮುದ್ರವನ್ನೂ ದಾಟಿದೆ. ‘ವೂಚಿನ್’ ಎಂಬುದು ಜಪಾನೀಯರ ಬಾಯಲ್ಲಿ ‘ಮುಜಿನ್’ ಆಗಿ, ಕಾಮಾಕುರ ಕಾಲದಲ್ಲಿ ಒತ್ತೆಯ ಸಾಲಕ್ಕೂ ಅನಂತರ ನಮ್ಮ ಚೀಟಿಯಂಥ ಹಣದ ಕೂಟಗಳಿಗೂ ಹೆಸರಾಯಿತು. 1915ರಲ್ಲಿ ಆ ದೇಶದಲ್ಲಿ ಮುಜಿನ್ ವ್ಯವಹಾರಕ್ಕೆಂದೇ ಕಾನೂನಾಯಿತು. 1951ರ ಮತ್ತೊಂದು ಕಾನೂನಿನ ಮೇರೆಗೆ ಅಂಥ ಸಂಸ್ಥೆಗಳಲ್ಲಿ ಬಹುಪಾಲು ಬ್ಯಾಂಕುಗಳಾಗಿ ಮಾರ್ಪಟ್ಟುವು. ಯಾಮಾನಾಶಿ ಸೀಮೆಯಲ್ಲಿ ಸ್ನೇಹಿತರು ತಿಂಗಳಿಗೊಮ್ಮೆ ಹಣ ಹಾಕಿ ಜೊತೆಗೆ ಊಟಮಾಡುವ ಕೂಟವನ್ನು ಇಂದಿಗೂ ಮುಜಿನ್ ಎಂದೇ ಕರೆಯುತ್ತಾರೆ.